ಎರಡೂ ಬದಿಯ ತಪಾಸಣೆ

ಉರಿಗಾಂ ಗೇಟಿನ ಜಮಾದಾರ ಬೈರಪ್ಪನ ಹೆಸರು ಕೇಳಿದರೆ ಇಡೀ ಗಣಿಗೆ ಮುದ್ದೆಯ ಪ್ರಸಂಗ ನೆನಪಾಗುತ್ತಿತ್ತು. ಹದಿನೈದು ವರ್ಷಗಳ ಹಿಂದೆ ಗಣಿಯಿಂದ ಚಿನ್ನ ಸೋರುತ್ತಿತ್ತು. ಸೋರುವ ದಾರಿ ಮಾತ್ರ ದೊರೆಗಳಿಗೂ ತಿಳಿದಿರಲಿಲ್ಲ. ಬೈರಪ್ಪ ನಲವತ್ತು ದಿನ, ಚಳಿಜ್ವರದಲ್ಲಿಯೂ ರಜೆ ಕೇಳದೆ, ಮೇಲೆ ಬರುವ ಕೂಲಿಗಳ ಬುತ್ತಿಗಳನ್ನಷ್ಟೇ ನೋಡುತ್ತ ಕುಳಿತ. ನಲವತ್ತೊಂದನೆಯ ದಿನ ಒಬ್ಬನ ಬುತ್ತಿಯಲ್ಲಿ ಉಳಿದಿದ್ದ ರಾಗಿಮುದ್ದೆಯನ್ನು ಮುರಿದ. ಒಳಗೆ ಹುಣಿಸೆಬೀಜದಷ್ಟು ಚಿನ್ನ. “ಎಂಟು ಗಂಟೆ ಬಂಡೆ ಕೊರ್ದೋನು ಮುದ್ದೆ ಉಳಿಸ್ತಾನಾ?” ಎಂದಿದ್ದನಂತೆ. ಅಂದಿನಿಂದ ಬೈರಪ್ಪನ ಅನುಮಾನವೆಂದರೆ ಅರ್ಧ ತೀರ್ಪು.

ಆ ಅನುಮಾನ ಈಗ ರಾಮಚಂದ್ರಪ್ಪನ ಗ್ರಾಮಫೋನಿನ ಮೇಲೆ ಬಿದ್ದಿತ್ತು.

ರಾಮಚಂದ್ರಪ್ಪ ಗಣಿಯ ಕಚೇರಿಯಲ್ಲಿ ನಕ್ಷೆ ಬರೆಯುವವನು. ಶನಿವಾರ ಮಧ್ಯಾಹ್ನ ಕೆಲಸ ಮುಗಿದೊಡನೆ ಗ್ರಾಮಫೋನು, ಹಾಡಿನ ತಟ್ಟೆಗಳ ಪೆಟ್ಟಿಗೆ ಎರಡನ್ನೂ ಹೊತ್ತು ಬಂಗಾರಪೇಟೆಗೆ ಹೊರಡುವನು. ಅಲ್ಲಿ ವೆಂಕಟರಾಯಪ್ಪನ ಜವಳಿ ಅಂಗಡಿಯ ಅಟ್ಟದ ಮೇಲೆ ನಾಲ್ವರು ಗೆಳೆಯರು ಕಾದಿರುವರು. ಟಾಕಿಯ ಹಾಡುಗಳು ಅವನ ಸ್ವಂತದವು. ವಾದ್ಯಮೇಳದ ತಟ್ಟೆಗಳು ಇಂಜಿನಿಯರ್ ದೊರೆಯವು. ಇವನ ಹಾಡುಗಳನ್ನು ದೊರೆಸಾನಿ ಕೇಳುವಳು, ಅವರ ಪಿಟೀಲುಗಳನ್ನು ಇವನು ಕೇಳುವನು. ಎರಡು ವರ್ಷ ಈ ಕೊಡುಕೊಳ್ಳುವಿಕೆ ಸುಖವಾಗಿ ನಡೆದಿತ್ತು. ಗೇಟಿನ ತಪಾಸಣೆ ಇದ್ದದ್ದು ನೆಲದಡಿ ಇಳಿದು ಬರುವವರಿಗೆ. ಕಚೇರಿಯವರನ್ನು ಯಾರೂ ಮುಟ್ಟುತ್ತಿರಲಿಲ್ಲ.

ಏಳು ವಾರಗಳ ಹಿಂದೆ ಬೈರಪ್ಪನ ಲಾಠಿ ಅಡ್ಡ ಬಂತು.

“ಇಳ್ಸಿ ಸ್ವಾಮಿ ಪೆಟ್ಟಿಗೆ.”

ರಾಮಚಂದ್ರಪ್ಪ ಮುಚ್ಚಳ ತೆಗೆದು ತೋರಿಸಿದ. ಬೈರಪ್ಪ ಒಂದು ತಟ್ಟೆಯನ್ನು ಬೆರಳಿನಿಂದ ತಟ್ಟಿದ.

“ನೋಡಿದ್ರೆ ಏನ್ ಗೊತ್ತಾಯ್ತದೆ? ನುಡಿಸಿ. ಒಟ್ಟೇಲಿ ಏನಾನ ಮಡಗಿದ್ರೆ ದನಿ ಒಡೀತದೆ.”

“ಎಲ್ಲಾನೂವಾ?”

“ಎಲ್ಲಾನೂ. ಎಲ್ಡೂ ಬದಿ.”

ಕಾವಲು ಕೋಣೆಯಲ್ಲಿ ಗ್ರಾಮಫೋನಿಗೆ ಕೀಲಿ ತಿರುಗಿಸಿ, ಮುಳ್ಳಿಟ್ಟದ್ದಾಯಿತು. ಎಂಟು ತಟ್ಟೆ, ಹದಿನಾರು ಬದಿ. ನಾಲ್ಕು ಗಂಟೆಯ ರೈಲು ಕೂಗಿಕೊಂಡು ಹೊರಟುಹೋಯಿತು. ಬೈರಪ್ಪ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ ಕುಳಿತಿದ್ದ. ಮುದ್ದೆ ಮುರಿಯುವ ಮುನ್ನವೂ ಹೀಗೆಯೇ ಕುಳಿತಿದ್ದನಂತೆ. ಕೊನೆಗೆ, “ಅನುಮಾನ ತೀರ್ಲಿಲ್ಲ. ಬರೋ ವಾರ ನೋಡಾನ,” ಎಂದ.

ಬರುವ ವಾರ ಸಾಕ್ಷಿಗೆಂದು ಇಬ್ಬರು ಕಾವಲುಗಾರರು ಬಂದು ಕುಳಿತರು. ಅದರ ಮರುವಾರ ಐವರು. ಪ್ರಶ್ನೆಗಳೂ ಹರಿತವಾಗುತ್ತ ಹೋದವು.

“ಇದ್ರಲ್ಲಿ ಎಷ್ಟು ಜನ ಅವ್ರೆ?”

“ಐವತ್ತು ಜನ ಇರ್ಬೋದು.”

“ಒಂದ್ ತಟ್ಟೇಲಿ ಐವತ್ತು ಜನ! ನೀವೇ ಏಳಿ ಸ್ವಾಮಿ, ಅನುಮಾನ ಬರಲ್ವಾ?”

ಇನ್ನೊಂದು ದಿನ ಮುಳ್ಳನ್ನು ನಡುವೆಯೇ ಎತ್ತಿಸಿದ. “ಆ ಕೊಳಲು ಇದ್ದಕ್ಕಿದ್ದಂಗೆ ಎಲ್ಲೋಯ್ತು?”

“ಪಿಟೀಲುಗಳಿಗೆ ದಾರಿ ಬಿಡ್ತು.”

“ತಿರ್ಗಾ ಬಂತಲ್ಲ?”

“ಹೇಳಿದ ಮಾತನ್ನೇ ಇನ್ನೊಂದ್ ಥರ ಹೇಳೋದಕ್ಕೆ.”

“ಊಂ. ನಮ್ ಟಾಕಿ ಹಾಡಲ್ಲಿ ಅಳೋರು ಯಾರು ಅಂತ ಗೊತ್ತಾಯ್ತದೆ. ಇದ್ರಲ್ಲಿ ಯಾರೂ ಅಳ್ತಿಲ್ಲ, ಅಳು ಮಾತ್ರ ಬತ್ತದೆ. ಇದೆಂಗೆ?”

ರಾಮಚಂದ್ರಪ್ಪ ಮುಳ್ಳನ್ನು ಮತ್ತೆ ತಟ್ಟೆಯ ಮೇಲಿಟ್ಟ. ಈ ಪ್ರಶ್ನೆಯ ಹಿಂದೆ ಯಾವ ಬಲೆಯಿದೆಯೋ! ಒಂದೂ ಅಪರಾಧ ಮಾಡದವನಿಗೆ ತಾನು ಏನನ್ನು ಒಪ್ಪಿಕೊಳ್ಳಬೇಕೆಂಬುದೇ ಹೊಳೆಯಲಿಲ್ಲ. ಬೈರಪ್ಪನ ವರದಿಯಲ್ಲಿ ಒಂದು ಸಾಲು ಬಿದ್ದರೆ ಸಾಕು, ಕೆಲಸ ಹೋಗುತ್ತದೆ. ಕೆಲಸದ ಜೊತೆಗೆ ಕಂಪನಿಯ ಮನೆಯೂ ಹೋಗುತ್ತದೆ. ಹೆಂಡತಿ ವರಲಕ್ಷ್ಮಮ್ಮ ಆಗಲೇ ಪಾತ್ರೆಗಳನ್ನು ಎಣಿಸಿಟ್ಟಿದ್ದಳು.

“ಊರೆಲ್ಲಾ ಮಾತಾಡ್ತಾ ಅದೆ,” ಎಂದಳು. “ಹಾಡು ಕೇಳಿದ್ದು ನೀವು, ಬೀದಿಗೆ ಬೀಳೋಳು ನಾನು.”

ಬಂಗಾರಪೇಟೆಯಲ್ಲಿ ವೆಂಕಟರಾಯಪ್ಪನದೂ ಅದೇ ಮಾತು. “ಆ ಬೈರಪ್ಪನ ಮೂಗಿಗೆ ಏನೋ ವಾಸ್ನೆ ಬಡಿದದೆ ಕಣ್ಲಾ. ಪೆಟ್ಟಿಗೆ ಸಾವಾಸ ಬಿಟ್ಬುಡು. ಅಲ್ಲಾ, ನಿಜ ಏಳು, ಏನಾನ ಮಡಗಿದ್ದೀಯಾ?”

ಗೆಳೆಯನೇ ಹೀಗೆ ಕೇಳಿದ ಮೇಲೆ ಉಳಿದದ್ದೇನು? ಎಂಟನೆಯ ಶನಿವಾರ ರಾಮಚಂದ್ರಪ್ಪ ತಾನಾಗಿಯೇ ಕಾವಲು ಕೋಣೆಗೆ ಹೋದ. ಕಾವಲುಗಾರರು ಏಳು ಮಂದಿ, ಪೇಟ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಗೋಡೆಗೆ ಒರಗಿ ಕುಳಿತಿದ್ದರು. ಅವನು ಹದಿನಾರು ಬದಿಯನ್ನೂ ನುಡಿಸಿ ಮುಗಿಸಿದ. ಆಮೇಲೆ ಮುಚ್ಚಳವನ್ನು ಪಟ್ಟನೆ ಮುಚ್ಚಿದ.

“ಇದೇ ಕೊನೆ ಜಮಾದಾರ್ರೇ. ದೊರೆ ಪ್ಲೇಟುಗಳನ್ನ ಸೋಮವಾರ ವಾಪಸ್ ಕೊಟ್ಬಿಡ್ತೀನಿ. ಗ್ರಾಮಫೋನು ಬಂಗಾರಪೇಟೇಲೇ ಇರ್ತದೆ. ಈ ಗೇಟಿಗೆ ಇನ್ನು ತರಲ್ಲ.”

ಬೈರಪ್ಪನ ಮುಖ ಬಿಳಿಚಿತು. ಹದಿನೈದು ವರ್ಷದಲ್ಲಿ ಆ ಮುಖ ಬಿಳಿಚಿದ್ದನ್ನು ಯಾರೂ ಕಂಡಿರಲಿಲ್ಲ.

“ಅಂಗಂದ್ರೆಂಗೆ ಸ್ವಾಮಿ? ತಪಾಸ್ಣೆ ಮುಗ್ದಿಲ್ಲ.”

“ಎಂಟು ವಾರಕ್ಕೆ ಮುಗೀದೇ ಇರೋದು ಇನ್ಯಾವಾಗ ಮುಗೀತದೆ? ನಾನು ಕಳ್ಳನೋ ಅಲ್ಲವೋ, ಬರ್ಕೊಡಿ. ಈಗಲೇ ಬರ್ಕೊಡಿ.”

ಬೈರಪ್ಪ ವರದಿ ಪುಸ್ತಕವನ್ನು ಎಳೆದುಕೊಂಡು ಪೆನ್ಸಿಲು ಹಿಡಿದ. ಸಾಕ್ಷಿಗಳು ಏಳು ಜನವೂ ನೆಲ ನೋಡತೊಡಗಿದರು. ಪೆನ್ಸಿಲಿನ ಮೊನೆ ಹಾಳೆಯನ್ನು ಮುಟ್ಟಿತು, ಮೇಲೆದ್ದಿತು, ಮತ್ತೆ ಮುಟ್ಟಿತು. ಆ ಒಂದು ಸಾಲಿಗಾಗಿ ರಾಮಚಂದ್ರಪ್ಪ ಹಾಳೆಯ ಮೇಲೆ ಬಗ್ಗಿದ.

ಅಷ್ಟರಲ್ಲಿ ಹಿಂಬಾಗಿಲು ಕಿರ್ರೆಂದು ತೆರೆಯಿತು. ಬೈರಪ್ಪನ ಆರು ವರ್ಷದ ಮೊಮ್ಮಗಳು ಒಳಗೆ ತಲೆ ತೂರಿಸಿದಳು.

“ತಾತಾ, ಆ ಪಿಟೀಲಿಂದು ಇನ್ನೊಂದ್ ಸಾರಿ ತಪಾಸ್ಣೆ ಮಾಡ್ಸು ತಾತಾ! ಅಜ್ಜಿ, ಅತ್ತೇರು, ಲೈನ್ ಮನೆಯೋರು ಎಲ್ಲಾ ಗ್ವಾಡೆ ಆಚೆ ಚಾಪೆ ಆಕ್ಕೊಂಡು ಕುಂತವ್ರೆ!”