ಪೊರೆಗೆ ಕೊಟ್ಟ ತೊಗಲು

ಎಲ್ಲ ಪಾಮ್ ಎಣ್ಣೆ ಗಿರಣಿಗಳಂತೆ ಇಲ್ಲಿಯೂ ಕೊಳೆನೀರು ಸೋಸುವ ಪೊರೆಯನ್ನು ಕೆಲಸದವರ ತೊಗಲಿನಿಂದಲೇ ಬೆಳೆಸುತ್ತಿದ್ದರು. ಈಗಿನ ಪೊರೆ ಕೆಲಸದಾಕೆ ಹುಲಿಗೆಮ್ಮನ ಬೆನ್ನಿನ ತೊಗಲಿನದು. ಅದಕ್ಕೆ ಆದದ್ದೆಲ್ಲ ಅವಳ ಬೆನ್ನಿಗೂ ಆಗುತ್ತಿತ್ತು. ಇವತ್ತು ಮತ್ತೆ ಕುದಿಯುವ ಕೊಳೆನೀರನ್ನು ಆರಿಸದೆ ಪೊರೆಯ ಮೇಲೆ ಬಿಟ್ಟಿದ್ದರು. ಗುಳ್ಳೆ ಎದ್ದ ಬೆನ್ನಿನಲ್ಲೇ ಅವಳು ಮ್ಯಾನೇಜರ್ ಶರಣಗೌಡರ ಕೋಣೆಗೆ ನುಗ್ಗಿದಳು.

"ನೀರು ಆರಸಾಕ ಹೊತ್ತಿಲ್ಲ, ಮುಲಾಮು ಹಚ್ಕೋ," ಎಂದರು ಗೌಡರು. "ಹೆಂಗೂ ನಿನ್ನ ತೊಗಲು ಸವದೈತಿ. ಹೊಸ ಪೊರೆಗೆ ನಿನ್ನ ಮಗಳನ್ನ ಕಳಸು."

ಬೆನ್ನಿನ ಉರಿ ನೆತ್ತಿಗೇರಿತು. ಹುಲಿಗೆಮ್ಮ ಮೇಜಿನ ಮೇಲಿದ್ದ, ಪೊರೆಗೆ ತೊಗಲು ಕೆರೆದು ತೆಗೆಯುವ ಅಲಗನ್ನು ಎತ್ತಿಕೊಂಡು ಗೌಡರ ಮುಂಗೈ ಹಿಡಿದಳು.

"ಮಗಳ್ಯಾಕ್ರಿ? ಈ ಸಲ ನಿಮ್ಮ ತೊಗಲು ಕೊಡ್ರಿ."

ಅಲಗು ಇನ್ನೂ ತಾಗಿರಲೇ ಇಲ್ಲ. ಗೌಡರು ಕಿಟಕಿಯತ್ತ ತಿರುಗಿ ಕಿರುಚಿದರು: "ಏ, ಮೊದಲ ಆ ನೀರು ಆರಸ್ರೋ!"