ಮೂವತ್ತೊಂಬತ್ತು ಮಾರ್ಕ್ಸ್ ಬಂದರೂ ಫೇಲ್!

ಗುರುಶಾಂತಪ್ಪನ ಅಂಗಡಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹದಿನೆಂಟು ಸಾವಿರ ರೂಪಾಯಿ.

ಎದುರಿನ ನಸೀಮಾಳ ಅಂಗಡಿಯಲ್ಲಿ... ಸೊನ್ನೆ! ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಫ್ರೀ ಸಾಫ್ಟ್‌ವೇರ್.

ತೊಂದರೆ ಬಂದಾಗ ನೋಡಿಕೊಳ್ಳಲು ಮಾತ್ರ ವರ್ಷಕ್ಕೆ ನಾಲ್ಕು ಸಾವಿರ. ಆ ಸಪೋರ್ಟ್ ಕೆಲಸ ಕಲಿತವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಲು ಎರಡು ಸಾವಿರ.

ರಾಣೆಬೆನ್ನೂರಿನ ಅರ್ಧ ಮಾರ್ಕೆಟ್ ಅವಳ ಕಡೆ ಹೋಗಿತ್ತು.

ಗುರುಶಾಂತಪ್ಪನಿಗೆ ಹೊಟ್ಟೆಯುರಿ... ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಅವನು ನೋಡುತ್ತಿದ್ದದ್ದು ದೇವರ ಫೋಟೋ ಅಲ್ಲ, ಅವಳ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಇವೆ ಎಂದು!

"ಪುಕ್ಕಟೆ ಕೊಟ್ಟು ನನ್ನ ಗಿರಾಕಿ ಕದ್ಲು," ಎಂದು ಟೀ ಅಂಗಡಿಯಲ್ಲಿ ಕಂಡವರಿಗೆಲ್ಲ ಹೇಳುತ್ತಿದ್ದ.

ಅಷ್ಟರಲ್ಲಿ ಬೀಜ ವ್ಯಾಪಾರಿಗಳ ಸಂಘವೂ ಅದೇ ಫ್ರೀ ಸಾಫ್ಟ್‌ವೇರ್ ಹಾಕಿಸಿತು. ಇಪ್ಪತ್ತೆರಡು ಅಂಗಡಿಗಳ ಸಪೋರ್ಟ್ ಕೆಲಸ... ಸರ್ಟಿಫಿಕೇಟ್ ಇದ್ದವರು ಶನಿವಾರದೊಳಗೆ ಅರ್ಜಿ ಹಾಕಬೇಕು.

ಈ ಕೆಲಸವೂ ತಪ್ಪಿದರೆ ಗುರುಶಾಂತಪ್ಪ ಅಂಗಡಿ ಉಳಿಸಿಕೊಳ್ಳುವುದು ಕಷ್ಟವಿತ್ತು. ನಾಲ್ಕು ದಿನ ತಾನೇ ಕೂತು ಆ ಸಾಫ್ಟ್‌ವೇರ್ ಕಲಿತು, ಹಲ್ಲು ಕಚ್ಚಿಕೊಂಡು ರಸ್ತೆ ದಾಟಿದ.

"ಏನ್ ಸಾವ್ಕಾರ್ರ, ದಾರಿ ತಪ್ಪಿ ಬಂದ್ರೇನ?" ನಸೀಮಾ ನಕ್ಕಳು.

"ಪುಕ್ಕಟೆ ಸಾಮಾನಿಗೆ ಪರೀಕ್ಷೆ ಬ್ಯಾರೆ! ತಗೋವಾ ನಿನ್ನ ಎರಡು ಸಾವಿರ."

ಬರವಣಿಗೆ ಪರೀಕ್ಷೆಯಲ್ಲಿ ನಲವತ್ತಕ್ಕೆ ಮೂವತ್ತೊಂಬತ್ತು! ಗುರುಶಾಂತಪ್ಪ ಮೀಸೆ ತಿರುವಿದ.

ಆಗ ಅವಳ ಫೋನ್ ರಿಂಗಾಯಿತು. ನಸೀಮಾ ಸ್ಪೀಕರ್ ಹಾಕಿ ಅವನ ಮುಂದಿಟ್ಟಳು.

"ಉಳಿದ ಅರ್ಧ ಪರೀಕ್ಷೆ ಇದು. ಗಿರಾಕಿ ಖರೇನ ಅದಾರ. ಮಾತಾಡ್ರಿ."

"ನಸೀಮವ್ವಾ, ಬಿಲ್ಲ ಬರವಲ್ದು... ಮಂದಿ ನಿಂತಾರ..." ವಯಸ್ಸಾದ ಹೆಂಗಸಿನ ದನಿ.

ಗುರುಶಾಂತಪ್ಪ ಅಭ್ಯಾಸದಂತೆ ಅಂದುಬಿಟ್ಟ, "ನೀವ ಏನರ ತಪ್ಪ ಒತ್ತಿರ್ತೀರಿ ಬಿಡ್ರಿ."

ಆ ಹೆಂಗಸಿಗೆ ದನಿಯ ಗುರುತು ಸಿಕ್ಕಿತು.

"ಗುರುಶಾಂತಪ್ಪನೋರಾ? ನಾ ಎಣ್ಣಿ ಗಾಣದ ನೀಲವ್ವ. ಮೊದಲ ನಿಮ್ಮ ಕಡೆನ ತಗೊಂಡಿದ್ದೆ. ಅವತ್ತೂ ಹಿಂಗ ಅಂದ್ರಿ. ಆಮ್ಯಾಲ ಒಂಬತ್ತು ಸಲ ಮಾಡಿದ್ರೂ ಫೋನ ಎತ್ತಲಿಲ್ಲ... ನಾನ ದಡ್ಡಿ ಅಂತ ಕುಂತ ಅತ್ತಿದ್ದೆರೀ."

ನೀಲವ್ವನನ್ನು ನಸೀಮಾ ಕದ್ದಿರಲಿಲ್ಲ... ತಾನೇ ಹೊರಗೆ ದಬ್ಬಿದ್ದ!

ಕಣ್ಣೊರೆಸಿಕೊಂಡ. "ತಪ್ಪು ನಂದು ನೀಲವ್ವ. ಫೋನ ಇಡಬ್ಯಾಡ್ರಿ. ಈಗ ಸ್ಕ್ರೀನ್ ಮ್ಯಾಲ ಏನ ಕಾಣಸ್ತದ, ಹೇಳ್ರಿ."

ಬಿಲ್ ಹೊರಬರುವವರೆಗೆ ಇಪ್ಪತ್ತು ನಿಮಿಷ ಲೈನಿನಲ್ಲೇ ಇದ್ದ.

"ಪಾಸಾ?" ಮೆಲ್ಲಗೆ ಕೇಳಿದ.

"ಫೇಲ್. ಮೊದಲನೇ ಮಾತಿಗೇ ಮಾರ್ಕ್ಸ್ ಹೋದವು. ಮುಂದಿನ ತಿಂಗಳ ಬರ್ರಿ... ಫೀ ಮಾತ್ರ ಮತ್ತ ಕಟ್ಟಬೇಕು!"

ಸಂಘದ ಕೆಲಸ ನಸೀಮಾಳಿಗೇ ಹೋಯಿತು. ಗುರುಶಾಂತಪ್ಪ ಅರ್ಧ ಅಂಗಡಿಯನ್ನು ಬಾಡಿಗೆಗೆ ಬಿಟ್ಟ. ಮುಂದಿನ ತಿಂಗಳು ಪಾಸಾದ.

ಇವತ್ತಿಗೂ ಶಟರ್ ಎತ್ತಿದ ಕೂಡಲೇ ಎದುರಿನ ಬಾಗಿಲಿನ ಚಪ್ಪಲಿ ಎಣಿಸುತ್ತಾನೆ. ಆದರೆ ಈಗ ಅವನಿಗೆ ಆರು ಗಿರಾಕಿಗಳು... ಆರೂ ಜನರ ಫೋನನ್ನು ತಾನೇ ಎತ್ತುತ್ತಾನೆ.

*ನಾವು ಕೈಬಿಟ್ಟವರನ್ನು ಬೇರೆಯವರು ಹಿಡಿದುಕೊಂಡರೆ, ಅದು ಕಳ್ಳತನವಲ್ಲ.*

ನೀವು ಹೊಟ್ಟೆಯುರಿ ಪಡುತ್ತಿರುವ ಆ ವ್ಯಕ್ತಿ... ನೀವು ಎತ್ತದೇ ಬಿಟ್ಟ ಯಾರ ಫೋನನ್ನು ಎತ್ತಿದ್ದಾರೆ?