ಮೊದಲು ಕೈ ಹಿಡಿದವರು

"ಅಪ್ಪ ಬಂದ್ನಾ ಮಾಮ?" ವೇದಿಕೆಯ ಪರದೆಯ ಸಂದಿಗೆ ಒಂದು ಕಣ್ಣಿಟ್ಟು ಮಗಳು ಫೋನಿನಲ್ಲಿ ಪಿಸುಗುಟ್ಟಿದಳು.

ಸಭಾಂಗಣದ ಹಿಂಬದಿಯ ಲೈಟಿನ ಕೋಣೆಯಿಂದ ಮಾಮ ಅಷ್ಟೇ ಮೆಲ್ಲಗೆ ಹೇಳಿದ: "ಬಂದಿದ್ದಾನೆ. ಕೊನೇ ಸಾಲು, ಕಂಬದ ಹಿಂದೆ. ತಲೆ ಮೇಲೊಂದು ಟೋಪಿ ಬೇರೆ. ನಮ್ಮನೇಲಿ ಟೋಪಿ ಅನ್ನೋದೇ ಇರ್ಲಿಲ್ಲ, ಎಲ್ಲಿಂದ ತಂದ್ನೋ!"

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನಾನು ಬರಲ್ಲ. ಬಂದ್ರೂ ಬಂದೆ ಅಂತ ಹೇಳಲ್ಲ" ಎಂದಿದ್ದ ಅಪ್ಪ. ಅಮ್ಮ ಬೇರೆ ಮದುವೆಯಾಗಿ ಹೋದ ಮೇಲೆ ಅಪ್ಪ ಮತ್ತು ಮಾಮನ ನಡುವೆ ತಾನು ಬೆಳೆದ ಕಥೆಯನ್ನೇ ಅವಳು ಇವತ್ತು ಒಬ್ಬಳೇ ನಿಂತು ಆಡುವವಳಿದ್ದಳು. ಅವಳು ಮಾಮ ಎಂದು ಕರೆಯುವವನು ಊರಿಗೆಲ್ಲ ಅವರ ಮನೆಯಲ್ಲಿ ಬಾಡಿಗೆಗಿರುವ ಎಲೆಕ್ಟ್ರಿಷಿಯನ್. ಮನೆಯೊಳಗೆ ಅಪ್ಪನ ಜೀವ. ಟಿಕೆಟ್ ಅಚ್ಚು ಹಾಕಿಕೊಟ್ಟ ಸಲುಗೆಯಲ್ಲಿ ಅಪ್ಪನ ಪ್ರೆಸ್ಸಿನವರು ಎರಡನೇ ಸಾಲು ತುಂಬ ಕೂತಿದ್ದರು. ಹಾಗಾಗಿ ಅಪ್ಪನದು ಒಂದೇ ಷರತ್ತು: ಇದೆಲ್ಲ ಕಟ್ಟುಕಥೆ ಎಂದು ಮೊದಲೇ ಸಾರಿಬಿಡಬೇಕು. ಈ ವಯಸ್ಸಿನಲ್ಲಿ ನಾಲ್ಕು ಜನರ ಬಾಯಿಗೆ ಬೀಳುವ ಧೈರ್ಯ ಅವನಿಗಿರಲಿಲ್ಲ.

ಅವಳು ಸಾರಿದಳು. ಆಮೇಲೆ ಶುರುವಾಯಿತು ನೋಡಿ! ಒಂದು ಸ್ಟೂಲು, ಒಂದು ಶಾಲು, ಒಂದು ಕನ್ನಡಕ, ಅವಳೊಬ್ಬಳು. ಶಾಲು ತಲೆಗೇರಿದರೆ ಅತ್ತೆ, ಸೊಂಟಕ್ಕೆ ಬಿಗಿದರೆ ಮಾಮ, ಕನ್ನಡಕ ಮೂಗಿನ ತುದಿಗೆ ಜಾರಿದರೆ ಅಪ್ಪ. ಅಪ್ಪ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಎಲ್ಲಿ ತಪ್ಪು ಕಂಡರೂ ತಿದ್ದದೆ ಇದ್ದರೆ ಅವನಿಗೆ ಉಂಡನ್ನ ಜೀರ್ಣವಾಗದು. ಔಷಧಿ ಬಾಟಲಿಯ ಚೀಟಿಯನ್ನೂ ತಿದ್ದಿಯೇ ಔಷಧಿ ಕುಡಿಯುವ ಆಸಾಮಿ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರೆಸ್ಸಿನವರಂತೂ "ಅಪ್ಪನ್ನ ಹಾಗೇ ಎತ್ತಿ ತಂದಿದ್ದಾಳೆ, ಮಿಕ್ಕಿದ್ದೆಲ್ಲ ಎಷ್ಟು ಚೆನ್ನಾಗಿ ಕಟ್ಟಿದ್ದಾಳೆ!" ಎಂದು ಒಬ್ಬರನ್ನೊಬ್ಬರು ತಿವಿದರು.

ಅತ್ತೆಯ ರಂಪದ ದೃಶ್ಯ ಬಂತು. ಅಪ್ಪನ ಅಕ್ಕ ಬಾಗಿಲಲ್ಲೇ ನಿಂತು, "ನಿಮ್ಮಿಬ್ಬರಲ್ಲಿ ಯಾರು ಯಾರನ್ನ ಕೆಡಿಸಿದ್ದು? ಅಷ್ಟು ಹೇಳಿ ಸಾಕು" ಎಂದು ಕೂಗಾಡಿದ ದಿನ. ಮಗಳು ಶಾಲನ್ನು ಸೊಂಟಕ್ಕೆ ಬಿಗಿದು ಮಾಮನಾದಳು. "ನಾನೇ ಅಕ್ಕ. ಪ್ರೆಸ್ಸಲ್ಲಿ ಕರೆಂಟ್ ಹೋಗಿತ್ತು. ನಾನು ರಿಪೇರಿಗೆ ಹೋಗಿದ್ದೆ, ಅವನು ಟಾರ್ಚ್ ಹಿಡ್ಕೊಂಡು ನಿಂತಿದ್ದ. ನಾನೇ ಮೊದಲು ಅವನ ಕೈ ಹಿಡ್ದೆ. ಬೈಯೋದಿದ್ರೆ ನನ್ನ ಬೈಯಿ." ಆಮೇಲೆ ಕನ್ನಡಕ ಜಾರಿಸಿ ಅಪ್ಪನಾದಳು, ತುಟಿ ಬಿಚ್ಚದೆ ನೆಲ ನೋಡುತ್ತ ನಿಂತಳು. ಅವತ್ತು ಅಪ್ಪ ನಿಂತದ್ದೇ ಹಾಗೆ. ಬಾಗಿಲ ಹಿಂದೆ ನಿಂತು ಅದನ್ನು ಕಂಡಿದ್ದ ಮಗಳಿಗೆ ಆ ಮೌನವನ್ನು ಕ್ಷಮಿಸಲು ಇವತ್ತಿಗೂ ಆಗಿರಲಿಲ್ಲ.

"ತಪ್ಪು!"

ಕಂಬದ ಹಿಂದಿನಿಂದ ಬಂದ ದನಿಗೆ ಎಲ್ಲರ ಕತ್ತೂ ತಿರುಗಿತು.

"ತಪ್ಪು ಕಣೇ! ಕೈ ಹಿಡ್ದೋನು ಅವನಲ್ಲ, ನಾನು!"

ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಮಾತುಗಳೆಲ್ಲ ಅವಳ ತಲೆಯಿಂದ ಹಾರಿಹೋದವು. ಅಷ್ಟರಲ್ಲಿ ಲೈಟಿನ ಕೋಣೆಯ ಕಿಟಕಿ ದಢಾರನೆ ತೆರೆದು ಮಾಮ ತಲೆ ಹೊರಗೆ ಹಾಕಿದ.

"ಸುಮ್ನೆ ಕೂತ್ಕೊಳೋ! ನಾನೇ ಹಿಡ್ದಿದ್ದು."

"ನಿನ್ನ ಒಂದು ಕೈಲಿ ಸ್ಕ್ರೂಡ್ರೈವರ್ರು, ಇನ್ನೊಂದು ಕೈಲಿ ವೈರು. ನನ್ನ ಹಿಡಿಯೋಕೆ ಮೂರನೇ ಕೈ ಎಲ್ಲಿತ್ತೋ ನಿಂಗೆ?"

ಸಭಾಂಗಣ ಗೊಳ್ಳೆಂದಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರಿಗೆ, "ಇದು ಹಳೇ ಸಂಸಾರ ಕಣಮ್ಮ, ಜಗಳ ಕೇಳಿದ್ರೇ ಗೊತ್ತಾಗುತ್ತೆ" ಎಂದರು.

"ಈಗ ಹೇಳು!" ಮಾಮನ ದನಿ ಒಮ್ಮೆಲೇ ಇಳಿಯಿತು. "ಅವತ್ತು ಅಕ್ಕನ ಮುಂದೆ ಯಾಕೆ ಹೇಳ್ಲಿಲ್ಲ?"

ನಗು ನಿಂತಿತು.

"ಅವತ್ತು ಹೆದ್ರಿದ್ದೆ. ಬೈಗುಳ ಎಲ್ಲಾ ನೀನೇ ತಿಂದೆ" ಎಂದ ಅಪ್ಪ. ಎಂದವನೇ ಕುರ್ಚಿಗಳ ನಡುವೆ ದಡದಡ ನಡೆದು, ಪ್ರೆಸ್ಸಿನವರನ್ನೂ ದಾಟಿ, ವೇದಿಕೆ ಹತ್ತಿಬಿಟ್ಟ. ಮಗಳನ್ನು ಸ್ಟೂಲಿನ ಮೇಲೆ ಕೂರಿಸಿದ. "ಅವನು ಹೀಗೆ ಕೂತಿದ್ದ. ಟಾರ್ಚು ನನ್ನ ಎಡಗೈಲಿ. ಬಲಗೈ ಖಾಲಿ. ಆಗ ನಾನು..." ಎನ್ನುತ್ತ ಅವಳ ಕೈ ಹಿಡಿದ. ಹಿಡಿದ ಮೇಲೆ ಜನರತ್ತ ತಿರುಗಿ ನೋಡಿದ. ಎರಡನೇ ಸಾಲು ಬಾಯಿ ತೆರೆದು ಕೂತಿತ್ತು.

ಮಗಳಿಗೆ ಹಿಗ್ಗೋ ಹಿಗ್ಗು, ಕುಣಿದುಬಿಡುವಷ್ಟು. ಆದರೆ ಅಪ್ಪ, ಅವಳ ಕೈ ಬಿಡದೆಯೇ, ಬೆಳಕಿನಿಂದ ಒಂದು ಹೆಜ್ಜೆ ಬಲಕ್ಕೆ ಸರಿದ. "ಲೈಟ್ ಆರ್ಸೋಕೆ ಹೇಳ್ಲಾ ಅಪ್ಪ?" ಎಂದು ಪಿಸುಗುಟ್ಟಿದಳು.

ಹಿಂದಿನ ಕೋಣೆಯಿಂದ ಮಾಮ ಕೂಗಿದ, ದಿನವೂ ಕೆಲಸದಲ್ಲಿ ಕೂಗುವ ಹಾಗೇ:

"ಒಂದು ಹೆಜ್ಜೆ ಎಡಕ್ಕೆ ಬಾರೋ. ಮುಖ ಕಾಣ್ತಿಲ್ಲ."

ಅಪ್ಪ ಸರಿದು ನಿಂತ.